ತ್ರಿಶಂಕುವಿನ ಉದ್ಘಾಟನೆ

ಏಳು ವಾರದಿಂದ ಓಡುತ್ತಿರುವ ಯಂತ್ರವನ್ನು ನಿಲ್ಲಿಸಬೇಕಂತೆ. ಯಾಕೆ? ಶುರು ಮಾಡುವುದಕ್ಕೆ.

ಡಾ. ಸತ್ಯಭಾಮೆ ಫೋನನ್ನು ಕಿವಿಯಿಂದ ತೆಗೆದು, ತಪ್ಪು ಅದರದ್ದೇ ಏನೋ ಎಂಬಂತೆ ಅದನ್ನೊಮ್ಮೆ ದುರುಗುಟ್ಟಿ ನೋಡಿ, ಮತ್ತೆ ಕಿವಿಗಿಟ್ಟುಕೊಂಡಳು.

"ಇನ್ನೊಂದ್ಸಲ ಹೇಳಿ ತಿಪ್ಪೇರುದ್ರಯ್ಯನವರೇ."

"ಕೋಪ ಮಾಡ್ಕೋಬೇಡಿ ಮೇಡಂ," ಅಂದ ಶಿಷ್ಟಾಚಾರ ವಿಭಾಗದ ಅಧಿಕಾರಿ ತಿಪ್ಪೇರುದ್ರಯ್ಯ. "ಓಡ್ತಿರೋದನ್ನ ಉದ್ಘಾಟನೆ ಮಾಡಕ್ಕೆ ಬರಲ್ಲ. ಒಂದ್ಸಲ ಆರಿಸ್ಬಿಡಿ. ಮಿನಿಸ್ಟರ್ ಸಾಹೇಬ್ರು ಬಂದು ಗುಂಡಿ ಒತ್ತಿದ ತಕ್ಷಣ ಹಚ್ಕೊಳ್ಳಿ. ಎಷ್ಟೊತ್ತಿನ ಕೆಲಸ?"

"ತಣ್ಣಗಾಗಕ್ಕೇ ಒಂದು ತಿಂಗಳು ಬೇಕು ಕಣ್ರೀ ಅದಕ್ಕೆ!"

"ಒಂದು ತಿಂಗಳಾ? ನಮ್ಮನೆ ಫ್ರಿಜ್ಜು ರಾತ್ರಿ ಇಟ್ರೆ ಬೆಳಿಗ್ಗೆ ಐಸ್ ಕಟ್ಟಿರುತ್ತಲ್ಲ ಮೇಡಂ. ಯಾವ ಕಂಪನಿದು ನಿಮ್ದು?"

ಸತ್ಯಭಾಮೆ ರಾಷ್ಟ್ರೀಯ ಕ್ವಾಂಟಮ್ ಗಣನ ಕೇಂದ್ರದ ನಿರ್ದೇಶಕಿ. ಶಿರಾದಿಂದಾಚೆ, ಗವಿಗುಡ್ಡವೆಂಬ ಒಂಟಿ ಬಂಡೆಗುಡ್ಡದ ಹೊಟ್ಟೆ ಕೊರೆದು ಆ ಕೇಂದ್ರವನ್ನು ಕಟ್ಟಿದ್ದರು. ಅಮ್ಮ ಅವಳಿಗೆ ಆ ಹೆಸರಿಟ್ಟಾಗ ಸಿಟ್ಟನ್ನೂ ಸೇರಿಸಿಯೇ ಇಟ್ಟಿದ್ದಳು ಅಂತ ಅವಳ ಕೈಕೆಳಗೆ ಪಿಎಚ್‌ಡಿ ಮಾಡಿದವರೆಲ್ಲ ಹೇಳುವುದುಂಟು. ಆದರೆ ಈ ಮೂರು ವರ್ಷದಲ್ಲಿ ಅವಳು ಕೋಪವನ್ನು ದಾಟಿ, ಅದರಾಚೆಗಿರುವ ಒಂದು ಬಯಲಿಗೆ ಬಂದಿದ್ದಳು. ಅಲ್ಲಿ ಕೂಗಾಟವಿಲ್ಲ, ಬರೀ ನಿಟ್ಟುಸಿರು.

ಬಂಡೆಯೊಳಗಿನ ಯಂತ್ರದ ಹೆಸರು ತ್ರಿಶಂಕು. ಹೆಸರಿಟ್ಟವಳು ಅವಳೇ. ಸ್ವರ್ಗದಲ್ಲೂ ಇಲ್ಲದ, ಭೂಮಿಯಲ್ಲೂ ಇಲ್ಲದ ಆ ರಾಜನಂತೆಯೇ ಇದರೊಳಗಿನ ಕ್ಯೂಬಿಟ್‌ಗಳು: ಸೊನ್ನೆಯೂ ಅಲ್ಲ ಒಂದೂ ಅಲ್ಲ, ಎರಡೂ ಹೌದು. ಸಾಧಾರಣ ಕಂಪ್ಯೂಟರು ಒಂದು ಲೆಕ್ಕದ ದಾರಿಗಳನ್ನೆಲ್ಲ ಒಂದಾದ ಮೇಲೊಂದರಂತೆ ನಡೆದು ನೋಡಬೇಕು. ತ್ರಿಶಂಕುವಿನಲ್ಲಿ ದಾರಿಗಳೆಲ್ಲ ಅಲೆಗಳ ಹಾಗೆ ಒಂದರ ಮೇಲೊಂದು ಬಿದ್ದು, ತಪ್ಪು ದಾರಿಗಳು ಪರಸ್ಪರ ಅಳಿಸಿಹೋಗಿ, ಕೊನೆಗೆ ಸರಿಯಾದದ್ದು ನಿಲ್ಲುತ್ತದೆ. ಲೋಕದ ಉಳಿದ ಇಂಥ ಯಂತ್ರಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಈ ತೂಗಾಟದಿಂದ ಬಿದ್ದುಬಿಡುತ್ತವೆ. ತ್ರಿಶಂಕು ಬೀಳದೆ ವಾರಗಟ್ಟಲೆ ತೂಗುತ್ತದೆ. ಷರತ್ತು ಒಂದೇ: ಅದನ್ನು ಅದರ ಪಾಡಿಗೆ ಬಿಡಬೇಕು. ಶಾಖ ತಾಗಬಾರದು, ನೆಲ ಅದುರಬಾರದು, ರೇಡಿಯೋ ಅಲೆ ಹತ್ತಿರ ಸುಳಿಯಬಾರದು. ಅದಕ್ಕೇ ಬಂಡೆಯ ಹೊಟ್ಟೆ, ಅದಕ್ಕೇ ನಕ್ಷತ್ರಗಳ ನಡುವಿನ ಖಾಲಿ ಜಾಗಕ್ಕಿಂತಲೂ ತಣ್ಣಗಿರುವ ಶೀತಕ.

ಅದರ ಪಾಡಿಗೆ ಬಿಡುವುದು! ಈ ದೇಶದಲ್ಲಿ ಯಾರನ್ನು ಅವರ ಪಾಡಿಗೆ ಬಿಟ್ಟಿದ್ದೇವೆ, ಯಂತ್ರವನ್ನು ಬಿಡುವುದಕ್ಕೆ?

ಮೊದಲನೇ ಸಲ ಲೆಕ್ಕ ಹಚ್ಚಿದಾಗ ಪರಿಶೀಲನಾ ಸಮಿತಿಯ ಸದಸ್ಯರೊಬ್ಬರು "ನಿಜವಾಗ್ಲೂ ತಣ್ಣಗಿದ್ಯಾ?" ಅಂತ ಶೀತಕದ ಮೈಮೇಲೆ ಅಂಗೈಯಿಟ್ಟು ಒರಗಿ ನಿಂತರು. ಎರಡನೇ ಸಲ ಆಯುಧಪೂಜೆ. ಸಿಬ್ಬಂದಿಯೇ ಭಕ್ತಿಯಿಂದ ಸುರಂಗದ ಬಾಗಿಲಲ್ಲಿ ಬೂದುಗುಂಬಳಕಾಯಿಯನ್ನು ಎತ್ತಿ ಅಪ್ಪಳಿಸಿದರು. ದೃಷ್ಟಿ ಹೋಯಿತೋ ಇಲ್ಲವೋ, ಲೆಕ್ಕವಂತೂ ಹೋಯಿತು. ಮೂರನೇ ಸಲ ಅತಿಥಿಯೊಬ್ಬರು ಆಫ್ ಮಾಡಿದ್ದೇನೆಂದು ಪ್ರಮಾಣ ಮಾಡಿದ್ದ ಮೊಬೈಲು, ತ್ರಿಶಂಕುವಿನ ಎದುರೇ "ಬಾರೋ ಬಾರೋ" ಅಂತ ಹಾಡತೊಡಗಿತು. ತ್ರಿಶಂಕು ಬಂದೇಬಿಟ್ಟ, ಕೆಳಗೆ.

ಇದು ನಾಲ್ಕನೆಯದು, ಕೊನೆಯದು. ಶೀತಕಕ್ಕೆ ಬೇಕಾದ ಅಪರೂಪದ ಹೀಲಿಯಂ ಪ್ರತಿ ಸಲ ನಿಲ್ಲಿಸಿದಾಗಲೂ ಒಂದಿಷ್ಟು ಸೋರಿಹೋಗಿ, ಉಳಿದದ್ದು ಈ ಓಟಕ್ಕೆ ಮಾತ್ರ ಸಾಕಾಗುವಷ್ಟು. ಹೊಸದು ಬರುವುದು ಮುಂದಿನ ವರ್ಷ. ಸತ್ಯಭಾಮೆಯ ನಿವೃತ್ತಿ ಈ ಮಾರ್ಚಿಗೆ. ಲೆಕ್ಕವೇನೋ ಮಾತಿನಲ್ಲಿ ಹೇಳಿದರೆ ಸಣ್ಣದು. ತೊಗರಿ, ಹುರುಳಿ ಗಿಡದ ಬೇರಿನಲ್ಲಿ ಪುಟ್ಟ ಪುಟ್ಟ ಗಂಟುಗಳಿರುತ್ತವೆ. ಆ ಗಂಟಿನೊಳಗಿನ ಜೀವಾಣು ಗಾಳಿಯಿಂದಲೇ ಗೊಬ್ಬರ ಮಾಡುತ್ತದೆ, ಬೆಂಕಿಯಿಲ್ಲದೆ, ಸದ್ದಿಲ್ಲದೆ. ಅದೇ ಕೆಲಸಕ್ಕೆ ಮನುಷ್ಯರ ಕಾರ್ಖಾನೆ ಕೆಂಡದಂಥ ಶಾಖ, ಬೆಟ್ಟದಂಥ ಒತ್ತಡ ಬೇಡುತ್ತದೆ. ಬೇರಿನ ಗಂಟಿನ ಗುಟ್ಟನ್ನು ಪರಮಾಣು ಪರಮಾಣುವಾಗಿ ಬಿಡಿಸುವುದು, ಅದೇ ಲೆಕ್ಕ. ಇಪ್ಪತ್ತಾರನೇ ವಯಸ್ಸಿನಿಂದ ಅವಳು ಆ ಗಂಟಿಗೆ ಗಂಟುಬಿದ್ದಿದ್ದಳು. ಈ ಓಟ ಕೆಟ್ಟರೆ ಶಾಲು, ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಹೋಗುವುದಷ್ಟೇ.

ಮತ್ತು ಇವರಿಗೆ ಗುಂಡಿ ಒತ್ತಬೇಕು.

ಗುಡ್ಡದ ಬುಡದ ಕ್ವಾರ್ಟರ್ಸಿಗೆ ಊಟಕ್ಕೆ ಬಂದರೆ ಬೇಳೆ ಬೆಂದಿರಲಿಲ್ಲ.

"ಮೂರು ವಿಷಲ್ ಆದ್ಮೇಲೇ ಆರಿಸಿದ್ದು ನಾನು!" ಅಂದಳು, ಬೆಳಿಗ್ಗೆ ತಾನೇ ಒಲೆ ಆರಿಸಿ ಹೋದದ್ದನ್ನು ನೆನೆದು.

"ಎರಡು ಕುಕ್ಕರಿಂದು," ಅಂದ ಗಂಡ ರಂಗಧಾಮ, ತಟ್ಟೆಯಿಂದ ತಲೆಯೆತ್ತದೆ. "ಒಂದು ನಂದು."

ರಂಗಧಾಮ ತುಮಕೂರಿನ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತನಾದವನು. ಪಾಠಕ್ಕಿಂತ ಅಣಕಿಗೇ ಹೆಸರಾಗಿದ್ದವನು. ನಾಲ್ವರು ಪ್ರಿನ್ಸಿಪಾಲರು, ಕೆಂಪು ಬಸ್ಸು, ಕೆಟ್ಟ ಫ್ಯಾನು, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಈಚೆಗೆ ಅಲ್ಲಿಗೆ ಇನ್ನೊಬ್ಬ ಬಾಡಿಗೆದಾರ ಬಂದಿದ್ದ. ಸ್ವರತಂತುವಿನ ಮೇಲೆ ಸಣ್ಣ ಗಂಟು.

"ಡಾಕ್ಟರು ಅಣಕು ನಿಲ್ಲಿಸಿ ಅಂದಿಲ್ವೇನ್ರೀ? ಹೀಗೇ ಮಾಡಿದ್ರೆ ಇರೋ ದನೀನೂ ಹೋಗುತ್ತೆ ಅಂದಿಲ್ವಾ?"

"ಅಂದ್ರು. ಬ್ಯಾಂಕಲ್ಲಿಲ್ಲದ ಗಂಟು ಗಂಟಲಲ್ಲಾದ್ರೂ ಇದೆಯಲ್ಲ ಅಂತ ಸಮಾಧಾನ ಮಾಡ್ಕೊಂಡೆ."

ಅವಳು ನಗಲಿಲ್ಲ. ತಿಪ್ಪೇರುದ್ರಯ್ಯನ ಫೋನಿನ ಕಥೆಯನ್ನೆಲ್ಲ ಹೇಳಿ, ಬೇಯದ ಬೇಳೆಯನ್ನು ಅನ್ನದಲ್ಲಿ ಒತ್ತಿ ಒತ್ತಿ ಕಲಸಿದಳು.

"ಆರಿಸ್ಬಿಡಿ ಮೇಡಂ, ಹಚ್ಕೊಳ್ಳಿ ಮೇಡಂ," ಅಂದ ರಂಗಧಾಮ ಥೇಟ್ ತಿಪ್ಪೇರುದ್ರಯ್ಯನ ಮೂಗಿನಲ್ಲಿ. ಅವನು ಆ ಮನುಷ್ಯನನ್ನು ಒಂದೇ ಸಲ ಕೇಳಿದ್ದು, ಅದೂ ಸ್ಪೀಕರ್ ಫೋನಿನಲ್ಲಿ. ಆಮೇಲೆ ತನ್ನದೇ ದನಿಗೆ ಬಂದ. "ಅಲ್ಲ ಕಣೇ ಭಾಮಾ, ನನ್ನ ಷಷ್ಟಿಪೂರ್ತಿಲಿ ನಿಂಗೆ ಎರಡನೇ ಸಲ ತಾಳಿ ಕಟ್ಟಿದ್ನಲ್ಲ. ಅದಕ್ಕೆ ಮುಂಚೆ ಡೈವೋರ್ಸ್ ಕೊಟ್ಟಿದ್ನಾ?"

ಸತ್ಯಭಾಮೆ ತುತ್ತನ್ನು ಅರ್ಧಕ್ಕೇ ನಿಲ್ಲಿಸಿದಳು. ಕೈ ತೊಳೆಯದೆ, ಎಡಗೈಯಲ್ಲೇ ಫೋನು ತೆಗೆದಳು.

ಷಷ್ಟಿಪೂರ್ತಿಯ ವಾದವನ್ನು ತಿಪ್ಪೇರುದ್ರಯ್ಯ ಪೂರ್ತಿ ಕೇಳಿಸಿಕೊಂಡ. ಕೊನೆಗೆ, "ನಮ್ಮ ಮಾವನೋರಿಗೂ ಹೋದ ವರ್ಷ ಮಾಡಿಸಿದ್ವಿ ಮೇಡಂ. ಪುರೋಹಿತ್ರು ಆಕ್ಷೇಪಣೆ ಏನೂ ಎತ್ಲಿಲ್ಲ. ಆಯ್ತು, ಓಡ್ತಾ ಇರ್ಲಿ," ಅಂದ. ಅವಳಿಗೆ ಜೀವ ಬಂತು. "ಆದ್ರೆ ಗುಂಡಿ ಬೇಕೇಬೇಕು. ಒತ್ತಿದ್ಮೇಲೆ ಏನಾದ್ರೂ ಆಗ್ಬೇಕು."

"ಹಸಿರು ದೀಪ ಹತ್ತುತ್ತೆ."

"ಸದ್ದು?"

"ಸದ್ದಿಲ್ಲ ತಿಪ್ಪೇರುದ್ರಯ್ಯನವರೇ. ಇದರ ಹೆಚ್ಚುಗಾರಿಕೆಯೇ ಅದು."

"ಸಕ್ಕರೆ ಕಾರ್ಖಾನೇಲಿ ಸೈರನ್ ಆಯ್ತು. ಪಂಪ್‌ಸೆಟ್ಟಲ್ಲಿ ನೀರು ಧೋ ಅಂತ ಬಂತು. ಸದ್ದಿಲ್ಲ ಅಂದ್ರೆ ಮಿಷನ್ನು ಸತ್ತಿದೆ ಅಂತಾರೆ ಜನ."

"ನಾನು ಮಾಡ್ಲಾ ಸದ್ದು?" ಅಂತ ಪಕ್ಕದಿಂದ ಪಿಸುಗುಟ್ಟಿದ ರಂಗಧಾಮ, ಕಣ್ಣರಳಿಸಿ.

ಅವಳು ಫೋನಿನ ಬಾಯಿ ಮುಚ್ಚಿದಳು. "ಹಲ್ಲುದುರಿಸ್ತೀನಿ. ನಿಮ್ಮ ಗಂಟಲೂ ಹಾಳು, ನನ್ನ ವಿಜ್ಞಾನವೂ ಹಾಳು. ಸುಳ್ಳು ಸದ್ದು ಗಿದ್ದು ಏನಾದ್ರೂ ಮಾಡಿದ್ರೆ ನೋಡಿ!"

ಸಮಾರಂಭದ ದಿನ ಗುಡ್ಡದ ಬುಡದಲ್ಲಿ ಶಾಮಿಯಾನ. ಸುರಂಗದ ಬಾಯಿಂದ ಸಾಕಷ್ಟು ದೂರದಲ್ಲೇ ಹಾಕಿಸಿದ್ದಳು. ಸಚಿವರ ಬೆಂಗಾವಲಿನಲ್ಲಿ ಮೊಬೈಲು ತಡೆಯುವ ಜ್ಯಾಮರ್ ವ್ಯಾನೊಂದಿತ್ತು. ಅದು ಉಗುಳುವ ಅಲೆಗಳು ಸುರಂಗದ ಬಾಯಿಗೆ ಬಂದರೆ ತ್ರಿಶಂಕುವಿನ ಕಥೆ ಮುಗಿದಂತೆಯೇ. ಕಾಲಿಗೆ ಬೀಳುವುದೊಂದು ಬಿಟ್ಟು ಎಲ್ಲವನ್ನೂ ಮಾಡಿ, ಆ ವ್ಯಾನನ್ನು ಹೆದ್ದಾರಿಯ ತಿರುವಿನಲ್ಲೇ ನಿಲ್ಲಿಸಲು ಒಪ್ಪಿಸಿದ್ದಳು. ಸಚಿವರು ಶಾಮಿಯಾನದಿಂದಾಚೆ ಹೆಜ್ಜೆಯಿಡುವುದಿಲ್ಲವೆಂಬ ಷರತ್ತಿನ ಮೇಲೆ. ಅವರು ಎಲ್ಲಿಗೆ ಹೋದರೂ ವ್ಯಾನು ಹಿಂದೆ ಹೋಗಲೇಬೇಕು.

ಸುರಂಗದೊಳಗಿನ ನಿಯಂತ್ರಣ ಕೊಠಡಿಯಲ್ಲಿ ಡಾ. ಜಬೀನ್ ಕೂತಿದ್ದಳು. ಸತ್ಯಭಾಮೆಯ ಹಳೆಯ ಶಿಷ್ಯೆ, ಈಗ ಬಲಗೈ. ಅವಳ ಪರದೆಯ ಮೇಲೆ ಒಂದು ಹಳದಿ ಗೆರೆ ಹರಿಯುತ್ತದೆ. ಅದು ನೆಟ್ಟಗಿದ್ದರೆ ತ್ರಿಶಂಕು ತೂಗುತ್ತಿದ್ದಾನೆ, ಕುಸಿದರೆ ಬಿದ್ದ. ಗುಡ್ಡದಿಂದ ಶಾಮಿಯಾನಕ್ಕೆ ಎಳೆದ ತಂತಿಯ ಫೋನು ಸತ್ಯಭಾಮೆಯ ಕುರ್ಚಿಯ ಕೆಳಗಿತ್ತು.

ನಿರೂಪಣೆಗೆ ತಿಪ್ಪೇರುದ್ರಯ್ಯ ಹಿಡಿದು ತಂದದ್ದು ಯಾರನ್ನು? "ಮನೇಲೇ ಕನ್ನಡ ಮೇಷ್ಟ್ರಿರೋವಾಗ ಹೊರಗಿಂದ ಯಾಕೆ ಮೇಡಂ?" ಅಂದಿದ್ದ. ರಂಗಧಾಮ ವೇದಿಕೆಯ ಪಕ್ಕದ ಪರದೆಯ ಮರೆಯಲ್ಲಿ ಮೈಕು ಹಿಡಿದು, ಹೊಸ ಜುಬ್ಬಾ ತೊಟ್ಟು, ಮದುವೆಗಂಡಿನ ಹಾಗೆ ನಿಂತಿದ್ದ.

ಪ್ರಾರ್ಥನೆ, ಸ್ವಾಗತ, ಪೇಟ, ಶಾಲು, ಹಾರ ಎಲ್ಲ ಆಯಿತು. ಸಚಿವರು ಹೂವಿನಲ್ಲಿ ಸಿಂಗರಿಸಿದ್ದ ಗುಂಡಿಯನ್ನು ಒತ್ತಿದರು. ಹಸಿರು ದೀಪ ಹತ್ತಿತು. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಅದು ಹತ್ತಿದ್ದು ದೀಪಕ್ಕೇ ಗೊತ್ತು.

ಜನ ಕಾದರು. ಸಚಿವರೂ ಕಾದರು. ಇನ್ನೊಂದು ಸಲ ಒತ್ತಿದರು. ಮೂರನೇ ಸಲ, ಲಿಫ್ಟಿನ ಗುಂಡಿ ಕುಟ್ಟುವಂತೆ ಕುಟ್ಟಿದರು.

"ಕೆಟ್ಟೋಗೈತೆ ಕಣ್ಲಾ," ಅಂತ ಹಿಂದಿನಿಂದ ಯಾರೋ ಅಂದದ್ದು ಮುಂದಿನವರೆಗೂ ಕೇಳಿಸಿತು. ಟಿವಿಯವರು ಕ್ಯಾಮೆರಾವನ್ನು ಸಚಿವರ ಮುಖಕ್ಕೆ ಹತ್ತಿರ ಮಾಡಿದರು.

"ಏನಮ್ಮಾ, ಏನೂ ಆಗ್ತಿಲ್ವಲ್ಲ?"

"ಓಡ್ತಿದೆ ಸರ್. ಅದು ಓಡೋದೇ ಹಾಗೆ. ಸದ್ದಿಲ್ಲದೆ."

"ಅದು ಹೇಗಮ್ಮಾ ಸದ್ದಿಲ್ದೆ? ನಡೀರಿ, ಒಳಗೇ ಹೋಗಿ ನೋಡೋಣ. ಏಯ್, ಗಾಡಿ ತಗೀರಿ!"

"ಸರ್, ಒಳಗೆ ಹೋಗೋ ಹಾಗಿಲ್ಲ..."

"ಅದ್ಯಾಕೆ? ಇಲಾಖೆ ನಂದು ಕಣಮ್ಮ!"

ಅವರು ಎದ್ದರು. ಅವರ ಹಿಂದೆ ಶಾಮಿಯಾನವೇ ಎದ್ದಿತು. ಅಂಗರಕ್ಷಕ ವೈರ್‌ಲೆಸ್ಸಿನಲ್ಲಿ ಏನೋ ಉಸುರಿದ. ಹೆದ್ದಾರಿಯ ತಿರುವಿನಲ್ಲಿ ಕಪ್ಪು ವ್ಯಾನು ದೂಳೆಬ್ಬಿಸಿ ಇತ್ತ ತಿರುಗಿದ್ದು ಸತ್ಯಭಾಮೆಗೆ ಕಾಣಿಸಿತು. ಕುರ್ಚಿಯ ಕೆಳಗಿನ ಫೋನಿನಲ್ಲಿ ಜಬೀನಳಿಗೆ ಏನು ಹೇಳುವುದು? ಕಣ್ಣು ಮುಚ್ಚಿಕೋ ಅಂತಲೇ?

ಆಗ ಧ್ವನಿವರ್ಧಕದಲ್ಲಿ ಯಾರೋ ಕೆಮ್ಮಿದಂತಾಯಿತು.

ಮನುಷ್ಯರ ಕೆಮ್ಮಲ್ಲ. ಚಳಿಗಾಲದ ಬೆಳಿಗ್ಗೆ ಹಳೇ ಲಾರಿ ಕೆಮ್ಮುವ ಕೆಮ್ಮು. ಖರ್... ಖರ್ರ್... ಖರ್ರ್ರ್. ಹಿಂದೆಯೇ ಕಟಕಟಕಟ ಅಂತ ಹಲ್ಲಿನ ಚಕ್ರಗಳು ಹಲ್ಲು ಕಚ್ಚಿಕೊಂಡವು. ಆಮೇಲೆ ಅಕ್ಕಿ ಗಿರಣಿಯ ಬೆಲ್ಟು ಸುತ್ತತೊಡಗಿತು, ಅದರ ಮೇಲೆ ವಿಮಾನವೊಂದು ಏರತೊಡಗಿತು, ಏರಿ ಏರಿ, ಇನ್ನೇನು ಶಾಮಿಯಾನ ಹಾರಿಹೋಗುತ್ತದೆ ಅನ್ನುವಷ್ಟರಲ್ಲಿ ಎಲ್ಲವೂ ಸೇರಿ ಗೊಂಯ್... ಅನ್ನುವ ಒಂದು ಗಂಭೀರ ಗುಂಗಾಗಿ ನಿಂತಿತು. ಕೊನೆಗೆ, ಅಭ್ಯಾಸಬಲ, ಉಸ್ಸ್ಸ್ ಅಂತ ಒಂದು ಕುಕ್ಕರ್ ವಿಷಲ್.

ಚಪ್ಪಾಳೆಯೋ ಚಪ್ಪಾಳೆ. ಸಚಿವರು ನಿಂತಲ್ಲೇ ಅರಳಿ, ಹಿಂದಿರುಗಿ ಬಂದು ಕೂತರು. ವ್ಯಾನು ತಿರುವಿನಲ್ಲೇ ನಿಂತಿತು.

"ಮತ್ತೆ ಸದ್ದೇ ಇಲ್ಲ ಅಂದ್ರಿ? ಲೇಟಾಗಿ ಹತ್ಕೊಳ್ಳುತ್ತೆ, ಅಷ್ಟೆ. ಅದ್ಸರಿ, ಕೊನೇಲಿ ವಿಷಲ್ ಯಾತಕ್ಕಮ್ಮಾ?"

"ಒತ್ತಡ ಜಾಸ್ತಿಯಾಗಿತ್ತು ಸರ್," ಅಂದಳು ಸತ್ಯಭಾಮೆ. ಇಡೀ ದಿನದಲ್ಲಿ ಅವಳು ಆಡಿದ ಅತಿ ಪ್ರಾಮಾಣಿಕ ಮಾತು ಅದು.

ಬದುಕಿಕೊಂಡೆವು ಅಂದುಕೊಂಡಳು. ಇಲ್ಲ. ಸಚಿವರು ಭಾಷಣಕ್ಕೆ ನಿಂತರು. ಯಂತ್ರ ಈಗ ಓಡುತ್ತಿದೆಯಲ್ಲ, ಓಡುವ ಯಂತ್ರ ಭಾಷಣದುದ್ದಕ್ಕೂ ಓಡಲೇಬೇಕು.

"ಕೇಳಿಸ್ಕೊಳ್ಳಿ, ನಮ್ಮ ಕ್ವಾಂಟಮ್ಮು ಹೇಗೆ ಓಡ್ತಿದೆ!" ಅಂದರು ಸಚಿವರು. ಗೊಂಯ್, ಅಂದಿತು ಧ್ವನಿವರ್ಧಕ. ಅವರು ತಮ್ಮ ಬಾಲ್ಯಕ್ಕೆ ಹೋದರು. ಗೊಂಯ್. ರೇಷ್ಮೆಗೂಡಿನ ಮಾರುಕಟ್ಟೆಗೆ ಬಂದರು. ಗೊಂಯ್. ಹಿಂದಿನ ಸರ್ಕಾರದ ಕಡೆ ತಿರುಗಿದರು, ಇನ್ನೀಗ ಬೇಗ ಮುಗಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತಾಯಿತು. ಗುಂಗು ನಡುವೆ ಕಡಿಯಿತು, ಮತ್ತೆ ಕೂಡಿಕೊಂಡಿತು. ಅದರ ಅಂಚಿನಲ್ಲಿ ಒಡಕು. ಯಾರಿಗೂ ತಿಳಿಯದಿರಬಹುದು. ಮೂವತ್ತೈದು ವರ್ಷ ಆ ದನಿಯ ಪಕ್ಕದಲ್ಲಿ ಮಲಗಿದವಳಿಗೆ ತಿಳಿಯದೆ? ಪರದೆಯ ಸಂದಿಯಲ್ಲಿ ಅವನು ಕಂಡ. ಮುಖ ಕೆಂಪಾಗಿ, ಕುತ್ತಿಗೆಯ ನರ ಹಗ್ಗವಾಗಿ, ಒಂದು ಕೈಯಲ್ಲಿ ಗಂಟಲನ್ನೇ ಹಿಡಿದುಕೊಂಡು ಯಂತ್ರ ನಡೆಸುತ್ತಿದ್ದ. ಅವಳು ಬೇಡ ಅಂತ ಕೈ ಆಡಿಸಿದಳು. ಅವನು ಪರವಾಗಿಲ್ಲ ಅಂತ ಹುಬ್ಬು ಹಾರಿಸಿದ.

ಪರವಾಗಿಲ್ಲವಂತೆ! ಒಂದು ಗಂಟಿಗೋಸ್ಕರ ಇನ್ನೊಂದು ಗಂಟನ್ನು ಹಿಸುಕುವುದೇ? ಸತ್ಯಭಾಮೆ ಎದ್ದಳು. ತಿಪ್ಪೇರುದ್ರಯ್ಯ "ಮೇಡಂ, ಮೇಡಂ, ಪ್ರೋಟೋಕಾಲು..." ಅನ್ನುತ್ತಿರುವಂತೆಯೇ ನೇರ ಹೋಗಿ, ಮಾತಾಡುತ್ತಿದ್ದ ಸಚಿವರ ಮುಂದಿನಿಂದ ಮೈಕನ್ನು ಎತ್ತಿಕೊಂಡಳು.

"ಕ್ಷಮಿಸಿ ಸರ್. ಯಂತ್ರ ಈಗ ಯೋಚನೆಗೆ ಕೂರುತ್ತೆ. ಅದು ಯೋಚಿಸೋವಾಗ ಅದರ ಪಾಡಿಗೆ ಬಿಡ್ಬೇಕು. ಯಾರೂ ಮಾತಾಡ್ಬಾರ್ದು, ಅಲ್ಲಾಡ್ಬಾರ್ದು. ಎಲ್ಲರೂ ಮೊಬೈಲ್ ಆರಿಸಿ. ಆ ವ್ಯಾನಿನ ಜ್ಯಾಮರೂ ಆರಿಸಿ. ಎರಡು ನಿಮಿಷ ದಯವಿಟ್ಟು ಮೌನ."

ಮೂರು ವರ್ಷದಿಂದ ಸಮಿತಿಗಳ ಮುಂದೆ ಅವಳು ಹೇಳುತ್ತಿದ್ದುದು ಇದನ್ನೇ. ಯಾರೂ ಕೇಳಿರಲಿಲ್ಲ. ಈಗ ಗುಂಗು ಮೆಲ್ಲಗೆ ಇಳಿಯಿತು, ಗಿರಣಿ ನಿಂತಿತು, ಲಾರಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮೌನ ಅನ್ನುವ ಪದ ಕಿವಿಗೆ ಬಿದ್ದದ್ದೇ ಸಾವಿರ ಜನವೂ ದಡಬಡ ಎದ್ದು, ಕೈಕಟ್ಟಿ, ತಲೆ ತಗ್ಗಿಸಿ ನಿಂತರು. ಪೇಟದವರು ಪೇಟ ತೆಗೆದರು. ವೇದಿಕೆಯ ಮೇಲಿನವರೂ ನಿಂತರು. ಎರಡು ನಿಮಿಷದ ಮೌನವನ್ನು ಈ ನಾಡು ಬೇರೆ ಯಾತಕ್ಕೂ ಆಚರಿಸಿದ್ದೇ ಇಲ್ಲ.

ಸಚಿವರು ಬಗ್ಗಿಸಿದ ತಲೆಯನ್ನು ಅವಳ ಕಡೆ ವಾಲಿಸಿ ಕೇಳಿದರು: "ಯಾರಮ್ಮಾ ತೀರ್ಕೊಂಡಿದ್ದು?"

"ಯಾರೂ ಇಲ್ಲ ಸರ್. ಯಾರೂ ತೀರ್ಕೋಬಾರ್ದು ಅಂತಲೇ."

ಅಷ್ಟು ಗಂಭೀರವಾಗಿ ನಿಂತ ಮೇಲೆ ಮತ್ತೆ ರೇಷ್ಮೆಗೂಡಿಗೆ ಹೋಗಲು ಯಾರಿಗೆ ಮನಸ್ಸು ಬರುತ್ತದೆ? ಅಷ್ಟರಲ್ಲಿ ಹಿಂದಿನ ಪೆಂಡಾಲಿನಿಂದ ಹೋಳಿಗೆಯ ವಾಸನೆಯೂ ತೇಲಿ ಬಂತು. ಭಾಷಣ ಅಲ್ಲಿಗೇ ಮುಗಿಯಿತು. ಸತ್ಯಭಾಮೆ ಕುರ್ಚಿಯ ಕೆಳಗೆ ಕೈ ಹಾಕಿ ಫೋನು ಎತ್ತಿದಳು.

"ಜಬೀನ್?"

"ಇದ್ದಾನೆ ಮೇಡಂ! ವ್ಯಾನು ಹತ್ತಿರ ಬಂತೇನೋ, ಒಂದ್ಸಲ ಒಂಚೂರು ನಡುಗಿದ. ಆಮೇಲೆ ಏನಾಯ್ತೋ ಗೊತ್ತಿಲ್ಲ, ಒಂದೆರಡು ನಿಮಿಷ ಗೆರೆ ಎಷ್ಟು ನೆಟ್ಟಗಿತ್ತು ಅಂದ್ರೆ, ನಾನು ಪರದೆ ಕೆಟ್ಟಿದೆ ಅಂದ್ಕೊಂಡೆ. ಏನ್ ಮಾಡಿದ್ರಿ ಅಲ್ಲಿ?"

"ಸಂತಾಪ ಸೂಚಿಸಿದ್ವಿ."

ರಂಗಧಾಮನ ಬಾಯಿಂದ ಆ ಸಂಜೆ ಮಾತೇ ಹೊರಡಲಿಲ್ಲ. ಗಂಟಲ ಡಾಕ್ಟರು ಕನ್ನಡಿ ಹಾಕಿ ನೋಡಿ, ಹೆಂಡತಿಗೆ ಬೈದರು. ಒಂದು ತಿಂಗಳು ಪಿಸುಮಾತೂ ಕೂಡದು. ಮನೆ ಬಂಡೆಯ ಹೊಟ್ಟೆಯಷ್ಟು ತಣ್ಣಗಾಯಿತು. ಅವನು ಚಮಚದಿಂದ ತಟ್ಟೆ ಕುಟ್ಟಿ ಉಪ್ಪು ಕೇಳುತ್ತಿದ್ದ. ಕುಕ್ಕರು ಮೂರು ಕೂಗಿದರೆ ಮೂರೇ ಕೂಗಿರುತ್ತಿತ್ತು, ಬೇಳೆ ಹದವಾಗಿ ಬೇಯುತ್ತಿತ್ತು. ಅದನ್ನು ಉಣ್ಣುವಾಗ ಅವಳಿಗೆ ಅಳು ಬರುತ್ತಿತ್ತು. ನೀವೇ ಹೇಳಿ, ಹದವಾಗಿ ಬೆಂದ ಬೇಳೆಗೆ ಯಾರಾದರೂ ಅಳುತ್ತಾರೆಯೇ?

ಆ ತಿಂಗಳು ಮುಗಿಯುತ್ತ ಬಂದ ಒಂದು ಬೆಳಿಗ್ಗೆ ತ್ರಿಶಂಕು ಕೆಳಗಿಳಿದ. ಬೀಳಲಿಲ್ಲ, ತಾನಾಗಿಯೇ ಇಳಿದ. ಗೆರೆ ಮಡಿಸಿಕೊಂಡಿತು, ಪರದೆಯ ಮೇಲೆ ಬೇರಿನ ಗಂಟಿನ ಗುಟ್ಟು ಒಂದು ಪುಟ್ಟ ಪಂಜರದ ಚಿತ್ರವಾಗಿ ನಿಂತಿತು. ಗಾಳಿಯ ಅಣುವನ್ನು ಅದು ಹೇಗೆ ಒಳಗೆ ಕರೆದುಕೊಂಡು, ಎಲ್ಲಿ ಹಿಡಿದು, ಹೇಗೆ ಬಿಡಿಸುತ್ತದೆ, ಎಲ್ಲ. ಹುಡುಕುವುದು ಕಷ್ಟವಿದ್ದ ಉತ್ತರವನ್ನು ಪರೀಕ್ಷಿಸುವುದು ಸುಲಭವಿತ್ತು. ಜಬೀನ್ ಸಾಧಾರಣ ಕಂಪ್ಯೂಟರಿನಲ್ಲೇ ಒರೆಗೆ ಹಚ್ಚಿ ನೋಡಿ, ಗುರುವಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೊಠಡಿಯಲ್ಲಿ ಒಂದು ಸಣ್ಣ ಸದ್ದೂ ಆಗಲಿಲ್ಲ.

ಮನೆಗೆ ಬಂದು "ಬಂತು ಕಣ್ರೀ" ಅನ್ನುವಷ್ಟರಲ್ಲಿ ಫೋನು ಬಡಿದುಕೊಂಡಿತು. ಇಂಥ ಸುದ್ದಿ ಇಲಾಖೆಗೆ ಬೆಳಕಿಗಿಂತ ಬೇಗ ಹೋಗುತ್ತದೆ.

"ಅಭಿನಂದನೆ ಮೇಡಂ," ಅಂದ ತಿಪ್ಪೇರುದ್ರಯ್ಯ. "ಆದ್ರೆ ಉತ್ತರಾನ ಸಾಹೇಬ್ರೇ ಬಿಡುಗಡೆ ಮಾಡ್ಬೇಕು. ಮುಂದಿನ ತಿಂಗಳು ಡೇಟ್ ಸಿಗ್ಬಹುದು. ಅಲ್ಲೀವರೆಗೂ ಬಂದಿಲ್ಲ ಅಂತ ಇರ್ಲಿ."

"ಬಂದಾಯ್ತಲ್ರೀ!"

"ಬಂದಿದೆ ಮೇಡಂ, ಇಲ್ಲ ಅಂತಿಲ್ಲ. ಹಂಗೇ, ಬಂದೂ ಇಲ್ಲ. ಎರಡೂ ಇರ್ಲಿ. ಸಾಹೇಬ್ರು ನೋಡಿದಾಗ ಯಾವ್ದೋ ಒಂದು ಆಗುತ್ತೆ."

ಸತ್ಯಭಾಮೆ ಬೆರಗಾದಳು. ಅವಳ ಮೂವತ್ತು ವರ್ಷದ ಪಾಠದಲ್ಲಿ ಕ್ವಾಂಟಮ್ ಸಿದ್ಧಾಂತವನ್ನು ಒಬ್ಬನೇ ಒಬ್ಬ ವಿದ್ಯಾರ್ಥಿ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

"ತಡ ಆಯ್ತು ತಿಪ್ಪೇರುದ್ರಯ್ಯನವರೇ. ಮನೆಗೆ ಬರೋ ಮುಂಚೆ ಎಲ್ಲಾನೂ ಜಗತ್ತಿಗೇ ಕಳಿಸ್ಬಿಟ್ಟೆ. ಯಾರು ಬೇಕಾದ್ರೂ ನೋಡ್ಬಹುದು, ಯಾರು ಬೇಕಾದ್ರೂ ಬಳಸ್ಬಹುದು. ಗುಂಡಿ ನಾನೇ ಒತ್ತಿದೆ."

ಬೈಗುಳಕ್ಕೆ, ನೋಟೀಸಿಗೆ ಅವಳು ಸಿದ್ಧಳಾಗಿಯೇ ಇದ್ದಳು. ತಿಪ್ಪೇರುದ್ರಯ್ಯ ಮಾತ್ರ ದನಿ ತಗ್ಗಿಸಿ, ನಿಜವಾದ ಕಳಕಳಿಯಿಂದ ಕೇಳಿದ:

"ಒತ್ತಿದಾಗ... ಸದ್ದು ಬಂತಾ ಮೇಡಂ?"

ಅವಳು ಬಾಯಿ ತೆರೆಯುವ ಮೊದಲೇ ಬೆನ್ನ ಹಿಂದೆ, ಡಾಕ್ಟರ ಅಪ್ಪಣೆಯನ್ನೂ ಹೆಂಡತಿಯ ಕಣ್ಣನ್ನೂ ಧಿಕ್ಕರಿಸಿ, ಒಡಕಲು ಗಂಟಲಿನಿಂದ, ಕುಕ್ಕರು ಒಂದು ವಿಷಲ್ ಹಾಕಿತು.